ನಾಗಪ್ಪನ ಗುಡಿ ಮತ್ತು ಒಂಬತ್ತು ಕುಳಿಗಳು

ನನಗೆ ಗಾಲ್ಫ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಕ್ಷೇಮ, ನಿಮಗೂ ಕ್ಷೇಮ. ಚಿಕ್ಕಬಳ್ಳಾಪುರದ ಕಡೆಯ ಒಂದು ಹಳ್ಳಿಯಲ್ಲಿ ಚಿನ್ನಿದಾಂಡು, ಬುಗುರಿ, ಗೋಲಿ ಆಡಿ ಬೆಳೆದವನು ನಾನು. ಬಿ.ಕಾಂ ಮುಗಿಸಿ, ಬ್ಯಾಂಕಿನ ಪರೀಕ್ಷೆ ಬರೆದು, ದಿಲ್ಲಿಗೆ ಬಂದು ಬಿದ್ದು ಮೂವತ್ತು ವರ್ಷ ದಾಟಿತು. ಈ ಮೂವತ್ತು ವರ್ಷದಲ್ಲಿ ಗಾಲ್ಫ್ ಅನ್ನುವ ಪದವನ್ನು ನಾನು ಅತಿ ಹೆಚ್ಚು ಸಲ ಓದಿರುವುದು ಗೃಹಸಾಲದ ಫೈಲುಗಳಲ್ಲಿ. 'ಗಾಲ್ಫ್ ಫೇಸಿಂಗ್' ಫ್ಲ್ಯಾಟು ಅಂತ ಬರೆದಿರುತ್ತದೆ, ಅದಕ್ಕೆ ಚದರಡಿಗೆ ಇಷ್ಟು ಅಂತ ಹೆಚ್ಚುವರಿ ದರ. ಎದುರು ಕೂತ ಹುಡುಗ-ಹುಡುಗಿಯನ್ನು ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ, "ಗಾಲ್ಫ್ ಆಡ್ತೀರಾ?" ಅಂತ. ಇಬ್ಬರೂ ನಗುತ್ತಾರೆ. "ಇಲ್ಲ ಸರ್, ಬಾಲ್ಕನಿಯಿಂದ ಹಸಿರು ಕಾಣುತ್ತೆ, ಅಷ್ಟೆ."

ಅಂಥ ನಾನು 2024ರ ಅಕ್ಟೋಬರಿನಲ್ಲಿ ಒಂದು ಗಾಲ್ಫ್ ಮೈದಾನಕ್ಕೆ ಹೋಗಿ ಕೈಯಲ್ಲಿ ಕೋಲು ಹಿಡಿದು ನಿಂತ ಕಥೆ ಇದು. ಕಥೆ ಅಂದರೆ ಕಥೆಯಲ್ಲ, ಒಂದು ಅಭಿಪ್ರಾಯ. ಮೊದಲು ಹಿನ್ನೆಲೆ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಆ ವರ್ಷದ ಆಗಸ್ಟಿನಲ್ಲಿ ಊರಿನಿಂದ ಅಣ್ಣನ ಫೋನು ಬಂತು. ನಮ್ಮದು ಒಟ್ಟು ಮೂರು ಎಕರೆ ಹತ್ತು ಗುಂಟೆ ಜಮೀನು. ಅಪ್ಪ ಹೋದ ಮೇಲೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಅಣ್ಣ, ಅಕ್ಕ, ನಾನು ಮೂವರ ಹೆಸರೂ ಇದೆ. ಉಳುವವನು ಅಣ್ಣ ಒಬ್ಬನೇ. "ಲೋ, ಇನ್ನು ನನ್ನ ಕೈಲಿ ಆಗಲ್ಲ ಕಣೋ. ಬೋರು ಸಾವಿರದಿನ್ನೂರು ಅಡಿ ಇಳಿದು ಈಗ ಬರೀ ಗಾಳಿ ಬರ್ತಾ ಐತೆ. ಟೊಮ್ಯಾಟೊ ಹಾಕಿದ್ರೆ ರೇಟಿಲ್ಲ, ರೇಟಿದ್ರೆ ಬೆಳೆ ಇಲ್ಲ. ಹುಡುಗರು ಬೆಂಗಳೂರು ಬಿಟ್ಟು ಬರಲ್ಲ ಅಂತಾರೆ. ಒಂದು ಪಾರ್ಟಿ ಬಂದೈತೆ. ಸುತ್ತಮುತ್ತ ಎಲ್ಲಾ ಕೊಡ್ತಾ ಅವ್ರೆ. ಗಾಲ್ಫ್ ಮಾಡ್ತಾರಂತೆ, ಅದರ ಸುತ್ತ ವಿಲ್ಲಾಗಳಂತೆ. ನೀನು ಬಂದು ಒಂದು ಸೈನು ಹಾಕಿ ಹೋಗು."

ನಾನು ಏನೋ ಹೇಳಲು ಹೋದೆ. ಅಪ್ಪನ ಜಮೀನು, ಹಿಪ್ಪುನೇರಳೆ ತೋಟ, ಅದು ಇದು ಅಂತ. ಅಣ್ಣ ಅರ್ಧಕ್ಕೇ ತಡೆದ. "ನೀನು ವರ್ಷಕ್ಕೊಂದ್ಸಲ ಬಂದು ಫೋಟೋ ತಗೊಂಡು ಹೋಗೋನು. ನಿನಗೆ ಜಮೀನು ಅಂದ್ರೆ ಫೋಟೋ. ನನಗೆ ಮಂಡಿನೋವು."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ದೂರದೂರಿನಲ್ಲಿ ಕೂತಿರುವ ನಮ್ಮಂಥ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಮಾತು ಕೇಳಿಸುತ್ತದೆ. ಊರಿನಲ್ಲಿ ಉಳಿದವರು ಮಾರುವಾಗ, ಊರು ಬಿಟ್ಟವರು ಅಳುವುದು ಬಹಳ ಸುಲಭ. ನಾನು ಬಾಯಿ ಮುಚ್ಚಿಕೊಂಡೆ. ಸೈನು ಹಾಕುತ್ತೇನೆ ಅಂದೆ.

ಆದರೆ ಹಿಂದೂಪುರದಲ್ಲಿರುವ ಅಕ್ಕ ಸುಮ್ಮನಾಗಲಿಲ್ಲ. 2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ಅವಳ ಸಹಿಯೂ ಬೇಕು. ಅವಳು ದುಡ್ಡು ಎಷ್ಟು ಅಂತ ಕೇಳಲೇ ಇಲ್ಲ. "ಅದೆಲ್ಲ ಸರಿ ಕಣಪ್ಪ, ನಾಗಪ್ಪನ ಕಲ್ಲುಗಳನ್ನ ಏನ್ ಮಾಡ್ತಾರಂತೆ?" ಅಂದಳು.

ನಮ್ಮ ಜಮೀನಿನ ಮೂಡಲ ಮೂಲೆಯಲ್ಲಿ ಒಂದು ಕಟ್ಟೆ ಇದೆ. ಅರಳಿ ಮರ, ಬೇವಿನ ಮರ ಜೋಡಿಯಾಗಿ ನಿಂತಿವೆ, ಬುಡದಲ್ಲಿ ಐದು ನಾಗರಕಲ್ಲು. ಯಾರು ಪ್ರತಿಷ್ಠೆ ಮಾಡಿದರೋ ನಮ್ಮ ಅಜ್ಜನಿಗೂ ಗೊತ್ತಿರಲಿಲ್ಲ. ನಮ್ಮ ಜಮೀನಿನಲ್ಲಿದೆ ಅನ್ನುವುದು ಹೆಸರಿಗೆ ಮಾತ್ರ. ನಾಗರ ಪಂಚಮಿ ದಿನ ಊರಿನ ಅಷ್ಟೂ ಹೆಂಗಸರು ತಂಬಿಗೆಯಲ್ಲಿ ಹಾಲು ಹಿಡಿದುಕೊಂಡು ಅಲ್ಲಿಗೇ ಬರುತ್ತಾರೆ. ಮದುವೆಯಾಗಿ ಮಕ್ಕಳಾಗದವರು ಬರುತ್ತಾರೆ, ಮಕ್ಕಳಾದ ಮೇಲೆ ಮಕ್ಕಳನ್ನೆತ್ತಿಕೊಂಡು ಬರುತ್ತಾರೆ. ಊರಿಂದ ಅಲ್ಲಿಗೆ ಒಂದು ಬಂಡಿದಾರಿ. ಅಕ್ಕನ ಪ್ರಶ್ನೆಗೆ ಅಣ್ಣನ ಹತ್ತಿರ ಉತ್ತರವಿರಲಿಲ್ಲ. ಪಾರ್ಟಿಯವರನ್ನು ಕೇಳಿದ. "ಅದಕ್ಕೇನು ಸರ್, ನಮ್ಮ ಕ್ಲಬ್ ಹೌಸ್ ಪಕ್ಕ ಚೆಂದವಾಗಿ ಒಂದು ಮಂಟಪ ಮಾಡಿ ಶಿಫ್ಟ್ ಮಾಡ್ತೀವಿ" ಅಂದರಂತೆ. ನಾಗಪ್ಪನನ್ನು ಶಿಫ್ಟ್ ಮಾಡುವುದು! ಟ್ರಾನ್ಸ್‌ಫರ್ ಆರ್ಡರು ಬರೀ ಬ್ಯಾಂಕಿನವರಿಗೆ ಅಂದುಕೊಂಡಿದ್ದೆ.

ಇಷ್ಟು ತಲೆಯಲ್ಲಿಟ್ಟುಕೊಂಡೇ ಅಕ್ಟೋಬರಿನಲ್ಲಿ ಎಲ್‌ಟಿಸಿ ಹಾಕಿ ನಾನೂ ನನ್ನಾಕೆಯೂ ಶಿಮ್ಲಾಕ್ಕೆ ಹೋದೆವು. ಎರಡು ದಿನ ಮಾಲ್ ರೋಡಿನಲ್ಲಿ ಮೇಲೆ ಕೆಳಗೆ ನಡೆದು ಸಾಕಾಯಿತು. ಮೂರನೇ ದಿನ ಟ್ಯಾಕ್ಸಿಯವನು, "ನಾಲ್ಡೇರಾ ನೋಡಿ ಸಾಬ್, ಗಾಲ್ಫ್ ಮೈದಾನ ಇದೆ" ಅಂದ. ಗಾಲ್ಫ್ ಅಂದ ಕೂಡಲೇ ನನ್ನ ಮುಖ ನೋಡಿ ನನ್ನಾಕೆ, "ಹೋಗೋಣ ನಡೀರಿ, ಊರಲ್ಲಿ ಏನು ಬರುತ್ತೆ ಅಂತ ಇಲ್ಲೇ ನೋಡ್ಕೊಂಡು ಬರೋಣ" ಅಂದಳು.

ಶಿಮ್ಲಾದಿಂದ ಧಲ್ಲಿ, ಮಶೋಬ್ರಾ ದಾಟಿ ತತ್ತಾಪಾನಿ ರಸ್ತೆಯಲ್ಲಿ ಹೋದರೆ ಇಪ್ಪತ್ತು-ಇಪ್ಪತ್ಮೂರು ಕಿಲೋಮೀಟರು. ಎರಡು ಸಾವಿರ ಮೀಟರಿಗಿಂತ ಎತ್ತರದ ಜಾಗ. ರಸ್ತೆಯ ಎರಡೂ ಬದಿ ದೇವದಾರು ಮರಗಳು, ನೋಡಲು ಕತ್ತೆತ್ತಬೇಕು, ಟೋಪಿ ಇದ್ದರೆ ಬಿದ್ದುಹೋಗುತ್ತದೆ. ಆ ಕಾಡಿನ ನಡುವೆ ಥಟ್ಟನೆ ಹುಲ್ಲು ಕಾಣುತ್ತದೆ. ಸಪಾಟಾದ ಹುಲ್ಲಲ್ಲ. ಬೆಟ್ಟ ಹೇಗೆ ಏರಿಳಿದಿದೆಯೋ ಹಾಗೇ ಏರಿಳಿದ ಹುಲ್ಲು, ಯಾರೋ ಹಸಿರು ಜಮಖಾನ ಒದರಿ ಹಾಸಿ, ಸುಕ್ಕು ಬಿಡಿಸುವುದನ್ನು ಮರೆತ ಹಾಗೆ.

ಗಾಲ್ಫ್ ಮೈದಾನಗಳಲ್ಲಿ ಜಾತಿಗಳಿವೆಯಂತೆ. ಸಮುದ್ರದ ದಂಡೆಯ ಮರಳು ದಿಬ್ಬಗಳ ಮೇಲಿನದು ಲಿಂಕ್ಸ್. ಸ್ಕಾಟ್‌ಲೆಂಡಿನ ಹಳೆಯ ಮೈದಾನಗಳೆಲ್ಲ ಆ ಜಾತಿ. ಒಳನಾಡಿನಲ್ಲಿ ಮರಗಳ ನಡುವೆ ಹುಲ್ಲು ಹಾಸಿದ್ದು ಪಾರ್ಕ್‌ಲ್ಯಾಂಡ್. ನಾಲ್ಡೇರಾ ಎರಡನೆಯ ಜಾತಿಗೆ ಸೇರಿದ್ದು, ಆದರೆ ಬೆಟ್ಟದ ಪಾರ್ಕು. ಒಂಬತ್ತು ಕುಳಿಗಳ ಮೈದಾನ. ಪೂರ್ತಿ ಹದಿನೆಂಟು ಆಡಬೇಕಾದವರು ಅದೇ ಒಂಬತ್ತನ್ನು ಎರಡು ಸುತ್ತು ಹಾಕುತ್ತಾರೆ. ನಮ್ಮ ಊರಿನ ಬಡ ಮೇಷ್ಟ್ರು ಒಂದೇ ಕೋಣೆಯಲ್ಲಿ ಎರಡು ಕ್ಲಾಸು ನಡೆಸುತ್ತಿದ್ದರಲ್ಲ, ಹಾಗೆ.

ಇದನ್ನು ಮಾಡಿಸಿದವನು ಲಾರ್ಡ್ ಕರ್ಜನ್. 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದವನು, ಬಂಗಾಳವನ್ನು ಒಡೆದವನು. ಈ ಜಾಗ ಅವನಿಗೆ ಎಷ್ಟು ಹಿಡಿಸಿತೆಂದರೆ 1904ರಲ್ಲಿ ಹುಟ್ಟಿದ ಮೂರನೆಯ ಮಗಳಿಗೆ ಅಲೆಕ್ಸಾಂಡ್ರಾ ನಾಲ್ಡೇರಾ ಅಂತ ಹೆಸರಿಟ್ಟ. ದೇಶವನ್ನು ಬಿಟ್ಟು ಹೋಗುವವನು ಊರಿನ ಹೆಸರನ್ನು ಮಗಳ ಜೊತೆ ಕಳಿಸಿಕೊಟ್ಟ. ನಾವೂ ಹಾಗೇ ತಾನೆ? ದಿಲ್ಲಿ, ಮುಂಬಯಿ, ಪುಣೆಗಳಲ್ಲಿ ನಮ್ಮವರ ಮನೆ ಗೇಟಿನ ಮೇಲೆ ಎಷ್ಟು ಊರಿನ ಹೆಸರುಗಳಿವೆ ನೋಡಿ.

ಆದರೆ ನಾಲ್ಡೇರಾ ಅನ್ನುವ ಹೆಸರು ಕರ್ಜನ್ ಇಟ್ಟದ್ದಲ್ಲ. ಅಲ್ಲಿಯವರು ಹೇಳುವ ಅರ್ಥ: ನಾಗನ ದೇಹ್ರಾ, ಅಂದರೆ ನಾಗನ ಮನೆ. ಇದನ್ನು ನನಗೆ ಹೇಳಿದವನು ಕ್ಯಾಡಿ. ಸುಮಾರು ನನ್ನ ವಯಸ್ಸಿನವನೇ, ಪಕ್ಕದ ಹಳ್ಳಿಯವನು. ಹೇಳಿ ಕೈ ತೋರಿಸಿದ. ಮೈದಾನದ ನಡುವೆ, ಹುಲ್ಲಿನ ಮೇಲೆ, ಮರದ ಒಂದು ಗುಡಿ. ಮಾಹೂನಾಗನ ಗುಡಿ.

ನನ್ನಾಕೆ ನನ್ನ ಕಡೆ ತಿರುಗಿದಳು. ನಾನು ಏನೂ ಮಾತಾಡಲಿಲ್ಲ. ಹಿಮಾಲಯದಲ್ಲಿ, ಊರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ನಮ್ಮ ಮನೆಯ ಪ್ರಶ್ನೆ ಮೊದಲೇ ಬಂದು ಕೂತಿತ್ತು. ಉತ್ತರದ ಸಮೇತ.

ಇರಲಿ, ಆಟದ ವಿಷಯಕ್ಕೆ ಬರುತ್ತೇನೆ. ದುಡ್ಡು ಕೊಟ್ಟರೆ ಸದಸ್ಯರಲ್ಲದವರೂ ಆಡಬಹುದು, ಕೋಲುಗಳೂ ಬಾಡಿಗೆಗೆ ಸಿಗುತ್ತವೆ ಅಂದರು. ಬ್ಯಾಂಕಿನವನ ಬುದ್ಧಿ, ರಸೀದಿ ತೆಗೆದುಕೊಂಡೆ. ಚೆಂಡು ಒಂದು ದೊಡ್ಡ ನಿಂಬೆಹಣ್ಣಿನಷ್ಟು, ತೂಕ 46 ಗ್ರಾಮಿಗಿಂತ ಕಡಿಮೆ. ಕುಳಿಯ ಅಗಲ ನಾಲ್ಕೂಕಾಲು ಇಂಚು. ಅದು ಎಲ್ಲೋ ಮುನ್ನೂರು ಗಜ ಆಚೆ, ದೇವದಾರು ಮರದ ಹಿಂದೆ. ಮೊದಲ ಏಟು ಗಾಳಿಗೆ ಬಿತ್ತು. ಎರಡನೆಯ ಏಟು ನೆಲಕ್ಕೆ ಬಿತ್ತು. ಅಂಗೈಯಗಲದ ಹುಲ್ಲಿನ ಹೆಂಟೆ ಹಾರಿ ಹೋಗಿ ಬಿತ್ತು, ಚೆಂಡು ಅಲ್ಲೇ ಇತ್ತು. ನನ್ನಾಕೆ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಕ್ಯಾಡಿ ನಗಲಿಲ್ಲ. ಹೋಗಿ ಆ ಹೆಂಟೆಯನ್ನು ಎತ್ತಿಕೊಂಡು ಬಂದ. ಕಿತ್ತ ಜಾಗದಲ್ಲೇ ಇಟ್ಟು, ಬೇರು ಕೂರುವ ಹಾಗೆ ಬೂಟಿನಿಂದ ಮೆಲ್ಲಗೆ ಅದುಮಿದ. "ವಾಪಸ್ ಇಟ್ಟರೆ ಹಿಡಿದುಕೊಳ್ಳುತ್ತೆ ಸಾಬ್. ಹಾಗೇ ಬಿಟ್ಟರೆ ಅಲ್ಲಿ ಬೋಳಾಗುತ್ತೆ" ಅಂದ. ಇದು ಅವನ ಒಳ್ಳೆಯತನ ಮಾತ್ರವಲ್ಲ, ಆಟದ ರೀತಿಯೇ ಹಾಗಂತೆ. ಕಿತ್ತವನು ವಾಪಸ್ ಇಡಬೇಕು. ಆಮೇಲಿನ ನನ್ನ ಏಟುಗಳಿಗೆ ನಾನೇ ಬಗ್ಗಿ ಹೆಂಟೆ ಇಟ್ಟೆ. ಚೆಂಡಿಗಿಂತ ಹುಲ್ಲಿಗೇ ಹೆಚ್ಚು ಬಗ್ಗಿದೆ ಅನ್ನಬಹುದು.

ಮೂರನೇ ಕುಳಿ ಮುಗಿಸಿ ಕೂತಿದ್ದಾಗ ನೋಡಿದ ದೃಶ್ಯ ಹೇಳಬೇಕು. ಒಬ್ಬ ಮುದುಕಿ, ಜೊತೆಗೊಂದು ಏಳೆಂಟು ವರ್ಷದ ಹುಡುಗಿ, ಕಾಡಿನ ಅಂಚಿನ ಕಾಲುದಾರಿಯಿಂದ ಬಂದರು. ಮುದುಕಿಯ ಬೆನ್ನ ಮೇಲೆ ಹುಲ್ಲಿನ ಹೊರೆ. ಅಲ್ಲಿ ಅದು ಚಳಿಗಾಲಕ್ಕೆ ಹುಲ್ಲು ಕೊಯ್ದು ಕೂಡಿಡುವ ಕಾಲ. ಹೊರೆಯನ್ನು ಮರಕ್ಕೆ ಒರಗಿಸಿಟ್ಟು ಇಬ್ಬರೂ ಗುಡಿಯ ಕಡೆ ನಡೆದರು. ಆ ಹೊತ್ತಿಗೆ ದಿಲ್ಲಿ ಕಡೆಯವರಂತೆ ಕಂಡ ಇಬ್ಬರು ಆಟಗಾರರು, ಒಳ್ಳೆ ಬೂಟು ಟೋಪಿಯವರು, ಹೊಡೆಯಲು ನಿಂತಿದ್ದರು. ಅವರ ಕ್ಯಾಡಿ ಕೈ ಎತ್ತಿದ. ಅವರು ಕೋಲು ಇಳಿಸಿ ಕಾದರು. ಮುದುಕಿ ಅವಸರ ಮಾಡಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಹೋಗಿ ಕೈಮುಗಿದು, ಮೊಮ್ಮಗಳ ಹಣೆಗೆ ಏನೋ ಹಚ್ಚಿ, ಬಂದ ದಾರಿಯಲ್ಲೇ ವಾಪಸ್ ಹೋದಳು. ಎರಡು ಮೂರು ನಿಮಿಷ ಆಗಿರಬಹುದು. ಅವರು ಹೊಡೆದರು, ಚೆಂಡು ಹೋಯಿತು. ಯಾರಿಗೂ ಏನೂ ನಷ್ಟವಾದ ಹಾಗೆ ಕಾಣಲಿಲ್ಲ.

ನಾನು ಕ್ಯಾಡಿಯನ್ನು ಕೇಳಿದೆ, "ಯಾರೂ ಬೇಡ ಅನ್ನಲ್ವಾ?" ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ದೇವರು ಮೊದಲಿಂದ ಇಲ್ಲೇ ಇದ್ದಾನೆ ಸಾಬ್. ಗಾಲ್ಫ್ ಆಮೇಲೆ ಬಂತು" ಅಂದ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಗಾಲ್ಫ್ ಮೈದಾನ ಬೇಡವೇ ಬೇಡ ಅನ್ನುವವರ ಗುಂಪಿನಲ್ಲಿ ನಾನು ಇಲ್ಲ. ಆ ಹುಲ್ಲಿನ ಮೇಲೆ ಎರಡು ಗಂಟೆ ನಡೆದು ನನ್ನ ಬಿ.ಪಿ ಇಳಿದಿರಬೇಕು, ಅಷ್ಟು ಹಿತವಾಗಿತ್ತು. ಊರಿನ ಸುತ್ತ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಅನ್ನುವುದೂ ಸುಳ್ಳಲ್ಲ. ನನ್ನ ತಕರಾರು ಕಾಂಪೌಂಡಿನ ಮೇಲೆ. ನಾಲ್ಡೇರಾದಲ್ಲಿ ಮೈದಾನ ಬಂದು ನೂರಿಪ್ಪತ್ತು ವರ್ಷವಾದರೂ ಊರಿನವರ ಕಾಲುದಾರಿ, ಊರಿನವರ ಗುಡಿ ಊರಿನವರ ಬಳಿಯೇ ಉಳಿದಿದೆ. ನಮ್ಮಲ್ಲಿ ಈಗ ಬರುತ್ತಿರುವ ಗಾಲ್ಫ್ ವಿಲ್ಲಾಗಳಲ್ಲಿ ಮಾರುವ ಸಾಮಾನೇ ಬೇರೆ. ಅಲ್ಲಿ ಮಾರುವುದು ಬಾಲ್ಕನಿಯಿಂದ ಕಾಣುವ ಹಸಿರನ್ನು. ಆ ಹಸಿರಿನಲ್ಲಿ ಮೇಕೆ ಕಾಣಬಾರದು, ಹೊರೆ ಹೊತ್ತ ಹೆಂಗಸು ಕಾಣಬಾರದು, ಅರಿಶಿನ ಕುಂಕುಮ ಮೆತ್ತಿದ ಕಲ್ಲು ಕ್ಲಬ್ ಹೌಸಿನ ಪಕ್ಕದ ಮಂಟಪದಲ್ಲಿ ತೊಳೆದು ಒರೆಸಿಕೊಂಡು ಕೂತಿರಬೇಕು. ನನ್ನ ಮೇಜಿಗೆ ಬರುವ ಫೈಲಿನಲ್ಲಿ ಚದರಡಿಗೆ ಹೆಚ್ಚುವರಿ ದರ ಹಾಕಿರುತ್ತಾರಲ್ಲ, ಅದು ಇಷ್ಟು ಜನ ಕಾಣದೇ ಇರುವುದಕ್ಕೆ ಕೊಡುವ ದರ.

ಈ ಮಾತಿಗೆ ಕೆಲವರು, ಗಾಲ್ಫ್ ಅಂದರೆ ದೊಡ್ಡವರ ಆಟ, ಅದು ಹಾಗೇ ಇರುವುದು ಅನ್ನಬಹುದು. ಆ ಆಟದ ತವರುಮನೆ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್. ಅಲ್ಲಿನ ಓಲ್ಡ್ ಕೋರ್ಸ್ ಅನ್ನು ಗಾಲ್ಫಿನವರು ಕಾಶಿ ಅಂತ ನೋಡುತ್ತಾರೆ. ಅಲ್ಲಿಯ ಜನ ಆ ನೆಲದ ಮೇಲೆ ಆಡಬಹುದು ಅಂತ 1552ರಲ್ಲೇ ಬರೆದುಕೊಟ್ಟ ಪತ್ರವಿದೆ. ಈಗಲೂ ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ. ಆ ದಿನ ಊರಿನವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಪ್ರಪಂಚದ ಅತಿ ಹಳೆಯ ಮೈದಾನಕ್ಕೆ ಇದು ಸಾಧ್ಯವಾದರೆ, ನಿನ್ನೆ ಮೊನ್ನೆಯ ಮೈದಾನಕ್ಕೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ಲೆಕ್ಕ, ನೀರಿನದು. ಶಿಮ್ಲಾದಲ್ಲಿ ಬೀಳುವ ಮಳೆಯ ಅರ್ಧದಷ್ಟೂ ನಮ್ಮ ಕಡೆ ಬೀಳುವುದಿಲ್ಲ. ನದಿಯ ಮಾತೇ ಇಲ್ಲ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರು. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಎಕರೆಗೆ 20 ಸಾವಿರ ಲೀಟರಾಯಿತು. ನೀರು ಹಾಯಿಸುವ ಹುಲ್ಲು 50 ಎಕರೆ ಇದ್ದರೆ ದಿನಕ್ಕೆ 10 ಲಕ್ಷ ಲೀಟರು. 2019ರಲ್ಲಿ ಶುರುವಾದ ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರು ಅಂತ ಲೆಕ್ಕ. ಭಾಗಿಸಿ ನೋಡಿ, 18 ಸಾವಿರ ಜನರ ನೀರು. ಸಾವಿರದಿನ್ನೂರು ಅಡಿ ಇಳಿದರೂ ಗಾಳಿ ಬರುವ ನೆಲದಲ್ಲಿ ಇದನ್ನು ಬೋರಿನಿಂದ ಎತ್ತಿದರೆ ಅದು ಅನ್ಯಾಯ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವುದು 2018ರಲ್ಲೇ ಶುರುವಾಗಿದೆ. ಹಾಗೆ ಮರುಬಳಕೆಯ ನೀರಿನಲ್ಲೇ ಹುಲ್ಲು ಬೆಳೆಸುತ್ತೇವೆ ಅಂತ ಬರೆದುಕೊಟ್ಟರೆ ನನ್ನ ಆಕ್ಷೇಪವಿಲ್ಲ. ಬರೆದು ಕೊಡಬೇಕು, ಬಾಯಿಮಾತು ಸಾಲದು.

ವಾಪಸ್ ಬರುವಾಗ ಕ್ಯಾಡಿ ಒಂದು ಮಾತು ಹೇಳಿದ. "ಇಲ್ಲಿ ಜಮೀನು ಕೊಳ್ಳೋಕೆ ನಿಮಗೆ ಆಗಲ್ಲ ಸಾಬ್." ಗೊತ್ತಿತ್ತು. ಹಿಮಾಚಲದ 1972ರ ಕಾಯ್ದೆಯ 118ನೇ ಕಲಮು. ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಜಮೀನು ಕೊಳ್ಳುವಂತಿಲ್ಲ. ನಮ್ಮ ಕರ್ನಾಟಕದಲ್ಲೂ ಕೃಷಿಕರಲ್ಲದವರಿಗೆ 79ಎ, 79ಬಿ ಕಲಮುಗಳ ತಡೆ ಇತ್ತು. 2020ರಲ್ಲಿ ತೆಗೆದುಹಾಕಿದರು. ಅದು ಸರಿಯೋ ತಪ್ಪೋ ಅಂತ ಅಣ್ಣನ ಎದುರು ವಾದ ಮಾಡುವ ಧೈರ್ಯ ನನಗಿಲ್ಲ. ತೆಗೆದದ್ದರಿಂದಲೇ ಅವನಿಗೆ ಒಳ್ಳೆ ರೇಟು ಸಿಗುತ್ತಿದೆ, ಅವನ ಮಂಡಿಗೆ ಆಪರೇಷನ್ ಆಗಬೇಕು. ಮಾರಲಿ. ಆದರೆ ಮಾರುವಾಗ ಏನನ್ನು ಮಾರುತ್ತಿದ್ದೇವೆ, ಏನು ನಮ್ಮದಲ್ಲವೇ ಅಲ್ಲ ಅನ್ನುವುದನ್ನು ನೋಡಿ ಮಾರಬೇಕು. ನಾನು ಹಾಕಬಹುದಾದ ಹೆಂಟೆ ಇದೊಂದೇ.

ಡಿಸೆಂಬರಿನಲ್ಲಿ ಊರಿಗೆ ಹೋದೆ. ಈ ಸಲ ಫೋಟೋ ತೆಗೆಯಲಿಲ್ಲ. ಅಡಮಾನದ ಆಸ್ತಿಗೆ ಮಾಡುವ ಹಾಗೆ ಕಾಗದ ತೆಗೆಸಿದೆ. ಪಹಣಿ, ಇಸಿ, ಎಲ್ಲಕ್ಕಿಂತ ಮುಖ್ಯವಾಗಿ ಗ್ರಾಮ ನಕಾಶೆ. ಅದರಲ್ಲಿ ನಮ್ಮ ಬಂಡಿದಾರಿ ಸ್ಪಷ್ಟವಾಗಿ ಇದೆ. ಪಹಣಿಯಲ್ಲಿ ಆ ಭಾಗ 'ಬಿ ಖರಾಬು', ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಮಾರಲು ನಾವು ಯಾರು? ದಾರಿ ನಕಾಶೆಯಲ್ಲಿ ಇಲ್ಲದವರೂ ಎದೆಗುಂದಬೇಕಿಲ್ಲ. ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದ ದಾರಿಯ ಮೇಲೆ ನಡೆಯುವ ಹಕ್ಕು ಬರುತ್ತದೆ ಅನ್ನುತ್ತದೆ 1882ರ ಈಸ್‌ಮೆಂಟ್ ಕಾಯ್ದೆ. ನಾನು ವಕೀಲನಲ್ಲ, ನಿಮ್ಮ ವಕೀಲರನ್ನು ಕೇಳಿ. ಆದರೆ ಕೇಳಿ.

ಕಟ್ಟೆ ಇರುವ ಮೂಲೆಯ ಐದು ಗುಂಟೆಯನ್ನು ಕ್ರಯದಿಂದ ಹೊರಗಿಡೋಣ, ಅದಕ್ಕೆ ಬೇರೆ 11ಇ ನಕ್ಷೆ ಮಾಡಿಸೋಣ ಅಂದೆ. ಅಕ್ಕ ತಕ್ಷಣ ಒಪ್ಪಿದಳು. ಅಣ್ಣ ಸಿಡುಕಿದ. "ಐದು ಗುಂಟೆ ಬಿಟ್ರೆ ರೇಟಲ್ಲಿ ಇಳಿಸ್ತಾರೆ. ಇಳಿದದ್ದು ನಿನ್ನ ಪಾಲಲ್ಲಿ ಹಿಡಿತೀನಿ." ಹಿಡಿ ಅಂದೆ. ದಿಲ್ಲಿಯಲ್ಲಿ ಕೂತು ನಾಗಪ್ಪನ ಮೇಲೆ ಭಕ್ತಿ ತೋರಿಸುವುದಕ್ಕೆ ಅಷ್ಟಾದರೂ ಕೊಡಬೇಡವೆ?

ಪಾರ್ಟಿಯವರು ಐದು ಗುಂಟೆಗೆ ಒಪ್ಪಿದರು. ದಾರಿಯ ಬಗ್ಗೆ ಬಂದ ಮೊದಲ ಕರಡಿನಲ್ಲಿ 'ವರ್ಷಕ್ಕೆ ಒಂದು ದಿನ' ಅಂತ ಇತ್ತು. ಹೊಡೆದುಹಾಕಿ ಕಳಿಸಿದೆ. ಎರಡನೆಯದರಲ್ಲಿ 'ಹಗಲು ಹೊತ್ತು, ಭದ್ರತಾ ಸಿಬ್ಬಂದಿಯ ಪೂರ್ವಾನುಮತಿಯೊಂದಿಗೆ' ಅಂತ ಬಂತು. ಹಗಲು ಹೊತ್ತು ಇರಲಿ, ಮುದುಕಿಯರು ರಾತ್ರಿ ಬರುವುದಿಲ್ಲ. ಪೂರ್ವಾನುಮತಿ ಅನ್ನುವ ಪದಕ್ಕೆ ಅಡ್ಡಗೆರೆ ಎಳೆದು ಮತ್ತೆ ಕಳಿಸಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಾನು ಕಲಿತದ್ದು ಇಷ್ಟೇ: ಕೊಟ್ಟ ಹಕ್ಕನ್ನು ವಾಪಸ್ ತೆಗೆದುಕೊಳ್ಳುವ ಪದ ಯಾವಾಗಲೂ ವಾಕ್ಯದ ಕೊನೆಯಲ್ಲಿ ಕೂತಿರುತ್ತದೆ.

ಮೂರನೆಯ ಕರಡು ಇನ್ನೂ ಬಂದಿಲ್ಲ. ಅಣ್ಣ ನನ್ನ ಮೇಲೆ ಸಿಟ್ಟಾಗಿದ್ದಾನೆ, ಎರಡು ತಿಂಗಳಿಂದ ಫೋನಿಲ್ಲ. ನನ್ನಿಂದ ಅವನ ಆಪರೇಷನ್ ತಡವಾಗುತ್ತಿದೆ ಅನ್ನುವುದು ನನಗೂ ಚುಚ್ಚುತ್ತದೆ. ಖರ್ಚು ನಾನು ಕೊಡುತ್ತೇನೆ ಅಂದರೆ, "ನಿನ್ನ ದುಡ್ಡು ಬೇಡ, ನನ್ನ ಜಮೀನಿನ ದುಡ್ಡು ಸಾಕು" ಅಂತ ಅತ್ತಿಗೆಯ ಹತ್ತಿರ ಹೇಳಿ ಕಳಿಸಿದ. ನಾನು ಮಾಡುತ್ತಿರುವುದು ನೂರಕ್ಕೆ ನೂರು ಸರಿ ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಆ ಪದವನ್ನು ಬಿಟ್ಟು ಸಹಿ ಹಾಕಿದರೆ, ನಾಳೆ ಊರಿನ ಹೆಂಗಸೊಬ್ಬಳು ಹಾಲಿನ ತಂಬಿಗೆ ಹಿಡಿದು ಗೇಟಿನ ಹೊರಗೆ ನಿಂತು, ಒಳಗಿನಿಂದ ಯಾರೋ ಫೋನ್ ಮಾಡಿ ಕೇಳಿ ಬಿಡುವವರೆಗೆ ಕಾಯುವುದನ್ನು ನೆನೆಸಿಕೊಂಡರೆ ಕೈ ಏಳುವುದಿಲ್ಲ. ನಾಲ್ಡೇರಾದಲ್ಲಿ ಕಾದವರು ಆಟಗಾರರು. ನಮ್ಮಲ್ಲಿ ಯಾರು ಕಾಯಬೇಕು ಅನ್ನುವುದೇ ಪ್ರಶ್ನೆ.

2025ರ ನಾಗರ ಪಂಚಮಿಯ ದಿನ ಅಕ್ಕ ಊರಿಗೆ ಹೋಗಿದ್ದಳು. ಸಂಜೆ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಕಟ್ಟೆಯ ಸುತ್ತ ಹುಲ್ಲು ಹೆರೆದು ಸ್ವಚ್ಛ ಮಾಡಿದ್ದಾರೆ, ಕಲ್ಲಿಗೆ ಹೊಸ ಅರಿಶಿನ. ಮೂಲೆಯಲ್ಲಿ ಮಂಡಿ ಹಿಡಿದುಕೊಂಡು ಅಣ್ಣ ಕೂತಿದ್ದಾನೆ, ಪಕ್ಕದಲ್ಲಿ ಕುಡುಗೋಲು. ಕೆಳಗೆ ಅಕ್ಕ ಬರೆದಿದ್ದಳು, "ಬೆಳಗ್ಗೆ ಐದಕ್ಕೇ ಎದ್ದು ಒಬ್ಬನೇ ಹೆರೆದಿದ್ದಾನೆ. ನಿನಗೆ ಹೇಳಬೇಡ ಅಂದ."

ನಿಮ್ಮ ಊರಲ್ಲೂ ಸೈನು ಹಾಕಲು ಕರೆ ಬಂದಿರಬಹುದು, ಬಾರದಿದ್ದರೆ ಬರುತ್ತದೆ. ಹೋಗುವ ಮೊದಲು ಗ್ರಾಮ ನಕಾಶೆಯೊಂದನ್ನು ತರಿಸಿ ನೋಡಿ. ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಒಂದು ದಾರಿ ಹೋಗಿರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಅಕ್ಕನನ್ನೋ ಅಮ್ಮನನ್ನೋ ಕೇಳಿ. ಅವರಿಗೆ ಗೊತ್ತಿರುತ್ತದೆ.